ಒಂದೇ ನಂಬರಿನ ಸೆಟ್‌ನಲ್ಲಿ ನಾಲ್ಕು ಪುಸ್ತಕ ಕಮ್ಮಿ: ಅದೇ ನಂಬರ್ ಹುಡುಕುವುದು ಹೇಗೆ?

ಮೂಡಿಗೆರೆ_ತೋಟ:

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದು ಹಳೇ ಕಾಫಿ ತೋಟ. ಸ್ವಾತಂತ್ರ್ಯ ಬಂದ ಮೇಲೆ ಊರಿಗೆ ಹೊರಟ ಇಂಗ್ಲಿಷ್ ದೊರೆಯೊಬ್ಬರಿಂದ ಅಜ್ಜ ಬಂಗಲೆ ಸಮೇತ ಕೊಂಡಿದ್ದು. ಪುಸ್ತಕದ ಬೀರು ಬಂಗಲೆ ಜೊತೆಗೇ ಬಂತು. ಈಗ ಪಾಲಿನಲ್ಲಿ ಅದು ನನಗೆ ಸಿಕ್ಕಿದೆ.

ಪುಸ್ತಕಗಳು ನ್ಯೂಯಾರ್ಕಿನ ಲಿಮಿಟೆಡ್ ಎಡಿಷನ್ಸ್ ಕ್ಲಬ್‌ನವು. 1935ರಿಂದ 1938ರವರೆಗಿನವು ಇವೆ. ಪ್ರತಿ ಪುಸ್ತಕದ ಕೊನೆಯಲ್ಲಿ 1500 ಪ್ರತಿ ಮಾತ್ರ ಅಂತ ಅಚ್ಚಾಗಿದೆ, ಕೆಳಗೆ ಕಲಾವಿದರ ಸಹಿ, ಪಕ್ಕದಲ್ಲಿ ಶಾಯಿಯಲ್ಲಿ ಬರೆದ ನಂಬರ್. ಎಲ್ಲದರಲ್ಲೂ 1126. ಪಟ್ಟಿ ಇಟ್ಟುಕೊಂಡು ನೋಡಿದರೆ ನಾಲ್ಕು ಇಲ್ಲ. ಆನ್‌ಲೈನ್‌ನಲ್ಲಿ ನಾಲ್ಕೂ ಸಿಗುತ್ತವೆ, ಆದರೆ ನಂಬರ್ ಬೇರೆ ಬೇರೆ. ಒಬ್ಬ ವ್ಯಾಪಾರಿ ಮಾತ್ರ "ನಿಮಗೆ ಯಾವ ನಂಬರ್ ಬೇಕು ಹೇಳಿ, ವ್ಯವಸ್ಥೆ ಮಾಡೋಣ" ಎಂದು ಬರೆದಿದ್ದಾನೆ. ಒಪ್ಪಿಕೊಳ್ಳಬಹುದಾ? ಮಳೆ ಹಿಡಿಯುವ ಮುಂಚೆ ತರಿಸಿಬಿಡೋಣ ಅಂತಿದ್ದೇನೆ.

ಕಡೂರು_ಓದುಗ:

ಓದೋಕೆ ಯಾವ ನಂಬರ್ ಆದರೇನು? ಬೇರೆ ನಂಬರಿನದು ತಗೊಂಡು ಬೀರು ತುಂಬಿಸಿ, ಆರಾಮಾಗಿರಿ.

ಹಳೇ_ಕಾಗದ, ಹಾಸನ:

ಮೊದಲು ಆ ವ್ಯಾಪಾರಿಗೆ ಕೈ ಮುಗಿಯಿರಿ. ನಂಬರ್ ಹೇಳಿದ ಮೇಲೆ "ವ್ಯವಸ್ಥೆ" ಆಗುವ ಪ್ರತಿ ಅಂದರೆ ಹಳೇ ನಂಬರ್ ಕೆರೆದು ಹೊಸದು ಬರೆದ ಪ್ರತಿ. ಕೇಳುವುದಿದ್ದರೆ ಉಲ್ಟಾ ಕೇಳಬೇಕು. ನಿಮ್ಮ ನಂಬರ್ ಬಾಯಿ ಬಿಡಬೇಡಿ, "ನಿಮ್ಮ ಹತ್ತಿರ ಇರುವ ಪ್ರತಿಯ ಸಹಿ ಪುಟದ ಫೋಟೋ ಕಳಿಸಿ" ಅನ್ನಿ, ಅಷ್ಟೇ.

ಈ ಕ್ಲಬ್ಬನ್ನು ಜಾರ್ಜ್ ಮೇಸಿ 1929ರಲ್ಲಿ ಶುರು ಮಾಡಿದರು. ತಿಂಗಳಿಗೊಂದು ಪುಸ್ತಕ, ವರ್ಷಕ್ಕೆ ಹನ್ನೆರಡು. ಸದಸ್ಯರಿಗೆ ಒಂದು ನಂಬರ್ ಕೊಟ್ಟರೆ ತಿಂಗಳು ತಿಂಗಳೂ ಅದೇ ನಂಬರಿನ ಪ್ರತಿ ಬರುತ್ತಿತ್ತು. ಅಂದರೆ 1126 ನಿಮ್ಮ ದೊರೆಯ ಸದಸ್ಯತ್ವದ ನಂಬರ್. ಅಚ್ಚಾದ ಸರದಿಗೂ ಅದಕ್ಕೂ ಸಂಬಂಧ ಇಲ್ಲ. ಹಾಗಾಗಿ ಕಮ್ಮಿ ನಂಬರ್ ಅಂದರೆ ಜಾಸ್ತಿ ಬೆಲೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೆಲೆ ನಿಲ್ಲುವುದು ಪುಸ್ತಕದ ಸ್ಥಿತಿ, ಸ್ಲಿಪ್‌ಕೇಸ್ (ಪುಸ್ತಕ ತೂರಿಸಿಡುವ ರಟ್ಟಿನ ಪೆಟ್ಟಿಗೆ) ಮತ್ತು ಸಹಿ ಹಾಕಿದವರು ಯಾರು ಅನ್ನುವುದರ ಮೇಲೆ. 1934ರಲ್ಲಿ ಪಿಕಾಸೊ, 1935ರಲ್ಲಿ ಮಾಟೀಸ್ ಚಿತ್ರ ಬರೆದುಕೊಟ್ಟವು ಇವೆ. ಅವುಗಳ ಬೆಲೆ ಕೇಳಿದರೆ ಒಂದು ವರ್ಷದ ಕಾಫಿ ದುಡ್ಡು ನೆನಪಾಗುತ್ತದೆ. ಉಳಿದ ಬಹುಪಾಲು ಅಷ್ಟು ದುಬಾರಿಯಲ್ಲ.

ಈಗ ಲೆಕ್ಕ ನೋಡಿ. ಒಂದು ಪುಸ್ತಕದ 30 ಪ್ರತಿ ಒಟ್ಟಿಗೆ ಮಾರಾಟಕ್ಕಿವೆ ಎಂದಿಟ್ಟುಕೊಳ್ಳಿ. ಅದರಲ್ಲಿ 1126 ಇರುವ ಸಾಧ್ಯತೆ 1500ಕ್ಕೆ 30, ಶೇಕಡ 2. ನಾಲ್ಕೂ ಹೀಗೆ ಸಿಗುವುದು ದೂರದ ಮಾತು. ಜೊತೆಗೆ ಮಾರುವವರು ಸುಮ್ನೆ "1500 ಪ್ರತಿಗಳಲ್ಲಿ ಒಂದು" ಅಂತ ಹಾಕಿಬಿಡುತ್ತಾರೆ, ನಂಬರ್ ಬರೆಯುವುದಿಲ್ಲ. ಆದ್ದರಿಂದ 1126 ಅಂತ ಟೈಪ್ ಮಾಡಿ ಹುಡುಕಿದರೆ ಏನೂ ಬರಲ್ಲ. ಒಬ್ಬೊಬ್ಬರಿಗೂ ಬರೆದು ಕೇಳಬೇಕು.

ಅದಕ್ಕೂ ಮುಂಚೆ ಒಂದು ಕೆಲಸ. ಆ ನಾಲ್ಕು ಪುಸ್ತಕ ನಿಮ್ಮ ಬಂಗಲೆಗೆ ಬಂದಿದ್ದವಾ, ಬಂದೇ ಇರಲಿಲ್ಲವಾ? ಇದು ಗೊತ್ತಾಗದೆ ಹುಡುಕುವುದರಲ್ಲಿ ಅರ್ಥ ಇಲ್ಲ. ಕ್ಲಬ್‌ನವರು ಪ್ರತಿ ಪುಸ್ತಕದ ಜೊತೆ "ಮಂತ್ಲಿ ಲೆಟರ್" ಅಂತ ಒಂದು ಮಡಚಿದ ಪತ್ರ ಇಡುತ್ತಿದ್ದರು. ಅದರಲ್ಲಿ ಆ ಪುಸ್ತಕದ ಕಾಗದ, ಅಚ್ಚು, ಕಲಾವಿದರ ವಿಚಾರ ಇರುತ್ತದೆ. ಪುಸ್ತಕ ಕಾಣೆಯಾಗಿ ಪತ್ರ ಉಳಿದಿದ್ದರೆ ಪುಸ್ತಕ ಬಂದಿತ್ತು ಅಂತಲೇ ಲೆಕ್ಕ. ಖಾಲಿ ಸ್ಲಿಪ್‌ಕೇಸ್ ಇದೆಯಾ ಅಂತಲೂ ನೋಡಿ. ಓದೋಕೆ ಕೇಳಿ ಒಯ್ಯುವವರು ಪುಸ್ತಕ ಎಳೆದುಕೊಂಡು ಪೆಟ್ಟಿಗೆ ಬಿಟ್ಟು ಹೋಗುತ್ತಾರೆ, ನೂರು ವರ್ಷದಿಂದ ಅದೇ ಕಥೆ.

ಮೂಡಿಗೆರೆ_ತೋಟ:

ಸರ್, ಅಟ್ಟ ಹತ್ತಿ ನೋಡಿದೆ. ಪತ್ರಗಳು ಟ್ವೈನ್ ದಾರದಲ್ಲಿ ಕಟ್ಟಿದ ಕಟ್ಟಿನಲ್ಲಿ ಸಿಕ್ಕವು. ಕಾಣೆಯಾದ ನಾಲ್ಕರಲ್ಲಿ ಮೂರರ ಪತ್ರ ಇವೆ! ಖಾಲಿ ಸ್ಲಿಪ್‌ಕೇಸ್ ಎರಡು. ಒಂದರೊಳಗೆ ಯಾರೋ ತೋಟದ ಚೆಕ್‌ರೋಲ್ (ಆಳುಗಳ ಹಾಜರಿ) ಪುಸ್ತಕ ತುರುಕಿಟ್ಟಿದ್ದಾರೆ, ಅಳತೆ ಸರಿ ಕೂತಿದೆ. ನಾಲ್ಕನೆಯದರ ಸುಳಿವೇ ಇಲ್ಲ. ಅದು 1938ರ ಕೊನೆಯದು, ಆಮೇಲಿನ ಯಾವ ಪುಸ್ತಕವೂ ನಮ್ಮಲ್ಲಿಲ್ಲ.

ಹಳೇ_ಕಾಗದ, ಹಾಸನ:

ಹಾಗಾದರೆ ಇದು ಎರಡು ಬೇರೆ ಹುಡುಕಾಟ.

ಮೂರು ಪುಸ್ತಕ ಬಂಗಲೆಗೆ ಬಂದು ಹೊರಗೆ ಹೋಗಿವೆ. ಅವು ಅಮೆರಿಕದಲ್ಲಿ ಇರುವುದಕ್ಕಿಂತ ನಿಮ್ಮ ಸುತ್ತಮುತ್ತ ಇರುವ ಸಾಧ್ಯತೆ ಜಾಸ್ತಿ. ಹಳೇ ಪಕ್ಕದ ತೋಟಗಳು, ಅಜ್ಜನ ಬೀಗರ ಮನೆಗಳು, ಪ್ಲಾಂಟರ್‌ಗಳು ಸೇರುತ್ತಿದ್ದ ಕ್ಲಬ್‌ಗಳ ಗ್ರಂಥಾಲಯ, ಬಾಳೆಹೊನ್ನೂರು, ಆಲ್ದೂರು, ಸಕಲೇಶಪುರ ಕಡೆಯ ಬಂಗಲೆಗಳು. ಪುಸ್ತಕದ ಹೆಸರು ಹೇಳಿ ಕೇಳಿದರೆ ಯಾರಿಗೂ ನೆನಪಿರಲ್ಲ. ಖಾಲಿ ಸ್ಲಿಪ್‌ಕೇಸ್ ಕೈಯಲ್ಲಿ ಹಿಡಿದು "ಇದರೊಳಗಿನದು ನಿಮ್ಮಲ್ಲಿದೆಯಾ" ಅನ್ನಿ. ಕೇಸಿನ ಬಣ್ಣ, ದಪ್ಪ ನೋಡಿದ ಕೂಡಲೇ ಹಳಬರು ಎದ್ದು ಒಳಗೆ ಹೋಗುತ್ತಾರೆ.

ನಾಲ್ಕನೆಯದು ಬಂದೇ ಇರಲಿಕ್ಕಿಲ್ಲ, ದೊರೆ ಅಲ್ಲಿಗೇ ಚಂದಾ ನಿಲ್ಲಿಸಿರಬೇಕು. ಸದಸ್ಯರೊಬ್ಬರು ಬಿಟ್ಟ ಜಾಗಕ್ಕೆ ಇನ್ನೊಬ್ಬರು ಬಂದರೆ ಆ ನಂಬರ್ ಅವರ ಪಾಲು. ಆದ್ದರಿಂದ ಆ ಒಂದು ಪುಸ್ತಕವನ್ನಷ್ಟೇ ಹುಡುಕಬೇಡಿ. 1939, 1940ರ ಪುಸ್ತಕಗಳಲ್ಲೂ 1126 ಕಾಣುತ್ತದಾ ನೋಡಿ. ಒಂದು ಸಿಕ್ಕರೂ ಸಾಕು, ಆ ಮಾರಾಟಗಾರ ಅದನ್ನು ಯಾರ ಸಂಗ್ರಹದಿಂದ ಕೊಂಡ ಅಂತ ಕೇಳಿ. ನಿಮಗೆ ಬೇಕಾದದ್ದು ಅದೇ ಗಂಟಿನಲ್ಲಿ ಇದ್ದಿರಬಹುದು.

ಸಿಕ್ಕಿದ ಮೇಲೆ ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ. ಸಹಿ ಪುಟವನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದ ಫೋಟೋ ಕೇಳಿ. ಕೆರೆದ ಜಾಗದಲ್ಲಿ ಕಾಗದದ ನಾರು ಎದ್ದು ನಿಂತಿರುತ್ತದೆ, ಹೊಸ ಶಾಯಿ ಆ ನಾರಿನ ಗುಂಟ ಹರಡಿರುತ್ತದೆ. ನಂಬರ್ ಬಾಲ್‌ಪೆನ್ನಿನಲ್ಲಿದ್ದರೆ ಮಾತೇ ಬೇಡ, ಅಮೆರಿಕದ ಅಂಗಡಿಗೆ ಬಾಲ್‌ಪೆನ್ ಬಂದಿದ್ದೇ 1945ರಲ್ಲಿ. ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಇದ್ದರೆ ಇನ್ನೂ ಒಳ್ಳೇದು. ಆ ಕಾಲದ ಕಾಗದ ಮಂಕಾಗಿರುತ್ತದೆ, ಈಚಿನ ಬಿಳಿ ಕಾಗದ ನೀಲಿಯಾಗಿ ಹೊಳೆಯುತ್ತದೆ. ಪುಟವನ್ನೇ ಬದಲಿಸಿ ಅಂಟಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಕಡೂರಿನವರು ಹೇಳಿದ್ದೂ ಪೂರ್ತಿ ತಪ್ಪಲ್ಲ. ನಾಲ್ಕನೆಯದಕ್ಕೆ ಬೇರೆ ನಂಬರಿನ ಒಳ್ಳೇ ಪ್ರತಿ ತಗೊಂಡಿಡಿ. 1126 ಸಿಕ್ಕ ದಿನ ಇದನ್ನು ಮಾರಿದರಾಯಿತು. ಸಿಗದಿದ್ದರೂ ಓದೋಕೊಂದು ಇರುತ್ತದೆ.

ಸಕಲೇಶಪುರ_ಮಳೆ:

ತರಿಸುವ ವಿಚಾರ ನಾನು ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡವೇ ಬೇಡ. ಪಾರ್ಸೆಲ್ ಜುಲೈನಲ್ಲಿ ಎಲ್ಲೋ ಒಂದು ಒದ್ದೆ ಗೋಡೌನಿನಲ್ಲಿ ಕೂತರೆ ಮುಗೀತು. ನವೆಂಬರ್ ಆಮೇಲೆ ಕಳಿಸಿ ಅಂತ ಮೊದಲೇ ಹೇಳಿ, ಒಳಗೆ ಪ್ಲಾಸ್ಟಿಕ್ ಸುತ್ತಿಸಿ. ಹೊರಗಿನಿಂದ ಬರುವ ಪುಸ್ತಕಕ್ಕೆ 2019ರ ಬಜೆಟ್‌ನಲ್ಲಿ ಶೇಕಡ 5 ಕಸ್ಟಮ್ಸ್ ಸುಂಕ ಹಾಕಿದರು. ಆದರೆ ಸುಂಕಕ್ಕಿಂತ ಸಾಗಣೆ ಖರ್ಚೇ ಜಾಸ್ತಿ ಆಗುತ್ತದೆ, ಈ ಪುಸ್ತಕಗಳು ತೂಕದ ಆಸಾಮಿಗಳು.

ಬೀರುವಿನೊಳಗೆ ತೇವ ಶೇಕಡ 65 ದಾಟಿದರೆ ಬೂಸ್ಟು ಗ್ಯಾರಂಟಿ. 50ರ ಹತ್ತಿರ ಇರಲಿ. ನಮ್ಮ ಕಡೆ ಬೀರುವಿನ ತಳದಲ್ಲಿ ಬಲ್ಬ್ ಉರಿಸುತ್ತಾರಲ್ಲ, ಅದರ ಎದುರಿಗಿರುವ ಪುಸ್ತಕದ ಬೆನ್ನು ಒಣಗಿ ಸೀಳುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಹರಳು ಇಟ್ಟು ಆಗಾಗ ಬಿಸಿ ಮಾಡಿ ಒಣಗಿಸುವುದು ಮೇಲು, ಕೈಗೆಟುಕಿದರೆ ಗಾಳಿಯ ತೇವ ಎಳೆಯುವ ಯಂತ್ರ, ಡೀಹ್ಯುಮಿಡಿಫೈಯರ್. ಹಸಿ ಬೇವಿನ ಸೊಪ್ಪು ಮಾತ್ರ ಇಡಬೇಡಿ, ಅದೇ ತೇವ ತರುತ್ತದೆ. ಹೊಸದಾಗಿ ಬಂದ ಪುಸ್ತಕವನ್ನು ಕೆಲವು ವಾರ ಬೇರೆ ಇಟ್ಟು ಹುಳ ಇಲ್ಲ ಅಂತ ನೋಡಿಯೇ ಒಳಗೆ ಸೇರಿಸಿ.

ಮೂಡಿಗೆರೆ_ತೋಟ:

ಒಂದು ಸಿಕ್ಕಿತು! ಸಕಲೇಶಪುರದ ಸಂಬಂಧಿಕರ ಬಂಗಲೆಯಲ್ಲಿ. ಬೆನ್ನು ಮಾಸಿದೆ, ಅಂಚಿನಲ್ಲಿ ಸಿಲ್ವರ್‌ಫಿಶ್ ಹುಳ ಕಡಿದಿದೆ, ಸಹಿ ಪುಟ ಮಾತ್ರ ಚೆನ್ನಾಗಿದೆ. 1126. ಆದರೆ ಮನೆಯ ಹಿರಿಯರು "ನಮ್ಮ ಮಾವನವರ ಪುಸ್ತಕ, ಕೊಡೋಕಾಗಲ್ಲ" ಅನ್ನುತ್ತಿದ್ದಾರೆ. ಏನು ಮಾಡಲಿ?

ಹಳೇ_ಕಾಗದ, ಹಾಸನ:

ಜಗಳ ಬೇಡ. ಅದೇ ಪುಸ್ತಕದ ಬೇರೆ ನಂಬರಿನ ಪ್ರತಿ, ಸ್ಲಿಪ್‌ಕೇಸ್ ಸಮೇತ, ಇದಕ್ಕಿಂತ ಒಳ್ಳೇ ಸ್ಥಿತಿಯದು ಒಂದು ಕೊಂಡು ಅದಲುಬದಲಿಗೆ ಕೇಳಿ ನೋಡಿ. ಹೋಗುವಾಗ ನಿಮ್ಮಲ್ಲಿರುವವುಗಳಲ್ಲಿ ಒಂಬತ್ತು-ಹತ್ತು ಪುಸ್ತಕವನ್ನೂ ಜೊತೆಗೆ ಒಯ್ದು, ಎಲ್ಲದರ ಸಹಿ ಪುಟ ತೆರೆದು ತೋರಿಸಿ. ಆಗಲೂ ಒಪ್ಪದಿದ್ದರೆ ಆ ಕಡಿದ ಅಂಚು ನೋಡಿಕೊಳ್ಳಲು ಸಿಲಿಕಾ ಜೆಲ್ ಕೊಟ್ಟು ಬನ್ನಿ. ಅಷ್ಟರಲ್ಲಿ ಇನ್ನೆರಡಕ್ಕೆ ಪಕ್ಕದ ತೋಟಗಳಲ್ಲಿ ವಿಚಾರಿಸುವುದು ನಿಲ್ಲಿಸಬೇಡಿ.