ಪದಚರ್ಚೆ: ಓಟಿಟಿ ವ್ಯವಹಾರದ ‘ಚರ್ನ್’ಗೆ ಕನ್ನಡದಲ್ಲಿ ಯಾವ ಪದ?

ಬಳಗದ ಎಲ್ಲರಿಗೂ ನಮಸ್ಕಾರ.

ಓಟಿಟಿ ಕಂಪನಿಗಳು ಹೇಗೆ ಬೆಳೆಯುತ್ತವೆ, ಹೇಗೆ ಸೊರಗುತ್ತವೆ ಎಂಬುದರ ಬಗ್ಗೆ ವಾಣಿಜ್ಯದ ವಿದ್ಯಾರ್ಥಿಗಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ‘ಓಟಿಟಿ’ ಎಂಬುದನ್ನು ಪತ್ರಿಕೆಗಳೂ ಓದುಗರೂ ಒಪ್ಪಿಕೊಂಡಾಗಿದೆ. ಅದಕ್ಕೆ ಹೊಸ ಪದ ಹುಡುಕುವ ಉತ್ಸಾಹ ನನಗಿಲ್ಲ. ‘ಪಾಸ್‌ವರ್ಡ್ ಹಂಚಿಕೆ’, ‘ಜಾಹೀರಾತು ಸಹಿತ ಪ್ಯಾಕ್’ ಇತ್ಯಾದಿಗಳೂ ಸಲೀಸಾಗಿ ಸಾಗುತ್ತವೆ. ತೊಡಕು ಇರುವುದು ‘ಚರ್ನ್’ (churn) ಎಂಬ ಒಂದೇ ಪದದಲ್ಲಿ. ಈ ವ್ಯವಹಾರದ ತಂತ್ರಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದೇ ಅದರ ಸುತ್ತ, ಆದ್ದರಿಂದ ಅದನ್ನು ಹಾರಿಸಿ ಮುಂದೆ ಹೋಗುವಂತಿಲ್ಲ.

ಮೊದಲು ಅರ್ಥ. ತಿಂಗಳ ಆರಂಭದಲ್ಲಿ ಒಂದು ಕಂಪನಿಗೆ 10 ಲಕ್ಷ ಚಂದಾದಾರರಿದ್ದರು ಎನ್ನೋಣ. ತಿಂಗಳೊಳಗೆ ಅವರಲ್ಲಿ 60 ಸಾವಿರ ಮಂದಿ ಬಿಟ್ಟುಹೋದರು, 70 ಸಾವಿರ ಮಂದಿ ಹೊಸದಾಗಿ ಬಂದರು. ಒಟ್ಟು ಸಂಖ್ಯೆ 10 ಸಾವಿರದಷ್ಟು ಏರಿದೆ, ಪತ್ರಿಕಾ ಪ್ರಕಟಣೆಯಲ್ಲಿ ಸಿಹಿ ಸುದ್ದಿ. ಆದರೆ ಚರ್ನ್, ಅಂದರೆ ಇದ್ದವರಲ್ಲಿ ಬಿಟ್ಟುಹೋದವರ ಪ್ರಮಾಣ, ಶೇ 6. ಪ್ರತಿ ತಿಂಗಳೂ ಹೀಗೆಯೇ ನಡೆದರೆ, ಮೊದಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವರ್ಷ ತುಂಬುವ ಹೊತ್ತಿಗೆ ಇರುವುದಿಲ್ಲ. ಅವರ ಜಾಗಕ್ಕೆ ಹೊಸಬರನ್ನು ಕರೆತರಲು ಜಾಹೀರಾತು, ರಿಯಾಯಿತಿ, ಹೊಸ ಸಿನಿಮಾಗಳ ಹಕ್ಕು ಎಂದು ದುಡ್ಡು ಸುರಿಯುತ್ತಲೇ ಇರಬೇಕು. ಅಂದರೆ ಚರ್ನ್ ಎಂಬುದು ಒಟ್ಟು ಸಂಖ್ಯೆಯ ಇಳಿಕೆಯಲ್ಲ. ಸಂಖ್ಯೆ ಏರುತ್ತಿರುವಾಗಲೂ ಅದು ಇರುತ್ತದೆ.

ಈಗ ಚಾಲ್ತಿಯಲ್ಲಿರುವ ಅನುವಾದಗಳನ್ನು ನೋಡಿ. ನನ್ನ ಹಳೆಯ ಬರಹವೊಂದರಲ್ಲಿ ಈ ಪದವನ್ನು ಹಾಗೆಯೇ ಬಿಟ್ಟಿದ್ದೆ. ಅಚ್ಚಾಗಿ ಬಂದಾಗ ಅದು ‘ಚಂದಾದಾರರ ಮಂಥನ ದರ’ ಆಗಿತ್ತು. ತಿದ್ದಿದವರು ನಿಘಂಟು ತೆರೆದು ಬೆಣ್ಣೆ ಕಡೆಯುವ ಅರ್ಥವನ್ನು ಹಿಡಿದುಕೊಂಡಿದ್ದರು. ಕನ್ನಡದಲ್ಲಿ ಮಂಥನ ಎಂದೊಡನೆ ಸಮುದ್ರ ನೆನಪಾಗುತ್ತದೆ, ಇಲ್ಲವೇ ರಾಜಕೀಯ ಪಕ್ಷಗಳ ಚಿಂತನ–ಮಂಥನ ಸಭೆ. ‘ಚಂದಾದಾರರ ಮಂಥನ’ ಎಂದರೆ ಚಂದಾದಾರರೆಲ್ಲ ಒಂದೆಡೆ ಕುಳಿತು ಗಂಭೀರವಾಗಿ ಚರ್ಚಿಸುತ್ತಿದ್ದಾರೆ ಎಂದೇ ಓದುಗ ತಿಳಿಯುತ್ತಾನೆ.

ಪತ್ರಿಕೆಗಳಿಗೆ ಪ್ರಿಯವಾದದ್ದು ‘ಕುಸಿತ’. ಈ ಪದ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ನೆಟ್‌ಫ್ಲಿಕ್ಸ್‌ನ 2022ರ ಪ್ರಸಂಗ ಸಾಕು. ಆ ವರ್ಷದ ಮೊದಲ ತ್ರೈಮಾಸಿಕದಲ್ಲಿ ತನ್ನ ಚಂದಾದಾರರು 2 ಲಕ್ಷ ಕಡಿಮೆಯಾದರೆಂದು ಕಂಪನಿ ಏಪ್ರಿಲ್‌ನಲ್ಲಿ ಹೇಳಿತು. ಮರುದಿನ ಷೇರಿನ ಬೆಲೆ ಶೇ 35ರಷ್ಟು ಬಿತ್ತು. ಆದರೆ ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವೂ ಇತ್ತು: ಯುಕ್ರೇನ್ ಯುದ್ಧದ ಕಾರಣ ರಷ್ಯಾದಲ್ಲಿ ಸೇವೆ ನಿಲ್ಲಿಸಿದ್ದರಿಂದ ಹೋದವರು 7 ಲಕ್ಷ, ಅದನ್ನು ಬದಿಗಿಟ್ಟರೆ 5 ಲಕ್ಷ ಹೆಚ್ಚಾಗುತ್ತಿತ್ತು. ಈ 7, 5, 2 ಲಕ್ಷಗಳು ಕೂಡ ಬಂದವರಲ್ಲಿ ಹೋದವರನ್ನು ಕಳೆದ ಮೇಲೆ ಉಳಿದ ಅಂಕಿಗಳೇ. ಒಟ್ಟು ಎಷ್ಟು ಮಂದಿ ಬಿಟ್ಟರು, ಎಷ್ಟು ಮಂದಿ ಸೇರಿದರು ಎಂಬುದು ಅವುಗಳ ಹಿಂದೆ ಅಡಗಿಯೇ ಇರುತ್ತದೆ. 2 ಲಕ್ಷವನ್ನು ‘ಕುಸಿತ’ ಎನ್ನಿ, ತಕರಾರಿಲ್ಲ. ಚರ್ನ್‌ಗೂ ‘ಕುಸಿತ’ ಎಂದರೆ ಎರಡು ಬೇರೆ ಸಂಗತಿಗಳಿಗೆ ಒಂದೇ ಹೆಸರು ಇಟ್ಟಂತಾಗುತ್ತದೆ.

‘ಸೋರಿಕೆ’ ನನಗೂ ಕೆಲಕಾಲ ಹಿಡಿಸಿತ್ತು. ತೆರಿಗೆ ಸೋರಿಕೆ, ನೀರು ಸೋರಿಕೆ ಎನ್ನುವಂತೆ ಇದೂ ಒಂದು ಎಂದುಕೊಂಡೆ. ಆದರೆ ಪ್ರಶ್ನೆಪತ್ರಿಕೆ ಸೋರಿಕೆ, ಮಾಹಿತಿ ಸೋರಿಕೆಯ ಈ ಕಾಲದಲ್ಲಿ ‘ಒಂದು ಕೋಟಿ ಚಂದಾದಾರರ ಸೋರಿಕೆ’ ಎಂಬ ತಲೆಬರಹ ಕಂಡರೆ ಜನ ಮೊದಲು ತಮ್ಮ ಪಾಸ್‌ವರ್ಡ್ ಬದಲಿಸಲು ಓಡುತ್ತಾರೆ. ‘ವಲಸೆ’ಯೂ ಒಗ್ಗುವುದಿಲ್ಲ. ಮೊಬೈಲ್ ಸಂಪರ್ಕದಲ್ಲಾದರೆ ಒಂದನ್ನು ಬಿಟ್ಟವನು ಇನ್ನೊಂದಕ್ಕೆ ಹೋಗಲೇಬೇಕು. ಓಟಿಟಿ ಬಿಟ್ಟವನು ಎಲ್ಲಿಗೂ ಹೋಗದೆ ಇರಬಹುದು, ಮೂರು ತಿಂಗಳ ಮೇಲೆ ಅಲ್ಲಿಗೇ ಮರಳಲೂಬಹುದು. ‘ನಿರ್ಗಮನ’ ತಪ್ಪಲ್ಲ, ಆದರೆ ನಾಟಕದ ರಂಗಸೂಚನೆಯ ವಾಸನೆ ಬಿಡುವುದಿಲ್ಲ.

ಪದ ಎಲ್ಲೆಲ್ಲಿ ನಿಲ್ಲಬೇಕು ಎಂಬುದು ಸ್ಪಷ್ಟವಾಗಲು ನನ್ನ ಲೇಖನದ ಮುಖ್ಯ ಉದಾಹರಣೆಯನ್ನು ಇಲ್ಲಿ ಇಡುತ್ತೇನೆ. ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ 2022ರ ಅಕ್ಟೋಬರ್ ಆರಂಭದಲ್ಲಿ 6.13 ಕೋಟಿ ಚಂದಾದಾರರನ್ನು ತೋರಿಸಿತ್ತು. ಅಷ್ಟರಲ್ಲಿ ಐಪಿಎಲ್‌ನ 2023–27ರ ಡಿಜಿಟಲ್ ಹಕ್ಕು ಕೈತಪ್ಪಿತ್ತು. 2022ರ ಜೂನ್‌ನ ಹರಾಜಿನಲ್ಲಿ ಡಿಸ್ನಿ ಸ್ಟಾರ್ 23,575 ಕೋಟಿ ರೂಪಾಯಿಗೆ ಟಿ.ವಿ. ಹಕ್ಕನ್ನು ಉಳಿಸಿಕೊಂಡಿತು, ಡಿಜಿಟಲ್ ಹಕ್ಕು ವಯಾಕಾಂ18 ಪಾಲಾಯಿತು. ಅವರು 2023ರ ಐಪಿಎಲ್ಲನ್ನು ತಮ್ಮ ಓಟಿಟಿಯಾದ ಜಿಯೋಸಿನಿಮಾದಲ್ಲಿ ಪುಕ್ಕಟೆ ತೋರಿಸಿದರು. ಹಾಟ್‌ಸ್ಟಾರ್‌ನ ಸಂಖ್ಯೆ ಡಿಸೆಂಬರ್ ಕೊನೆಗೆ 5.75 ಕೋಟಿ, ಮಾರ್ಚ್ ತ್ರೈಮಾಸಿಕದ ಕೊನೆಗೆ 5.29 ಕೋಟಿ, ಜೂನ್ ತ್ರೈಮಾಸಿಕದ ಕೊನೆಗೆ 4.04 ಕೋಟಿ, ಸೆಪ್ಟೆಂಬರ್ ಕೊನೆಗೆ 3.76 ಕೋಟಿ. ಐಪಿಎಲ್ ನಡೆದ ಮೂರೇ ತಿಂಗಳಲ್ಲಿ 1.25 ಕೋಟಿ ಕಡಿಮೆ! ಇದನ್ನು ನಾವು ‘ಚರ್ನ್ 1.25 ಕೋಟಿ’ ಎಂದು ಬರೆದರೆ ತಪ್ಪು. ಇದು ನಿವ್ವಳ ಇಳಿಕೆ. ಬಿಟ್ಟವರು ಇದಕ್ಕಿಂತ ಹೆಚ್ಚೇ ಇರಬೇಕು, ಏಕೆಂದರೆ ಆ ಮೂರು ತಿಂಗಳಲ್ಲಿ ಸೇರಿದವರೂ ಇದ್ದರು.

ಇಲ್ಲಿ ಇನ್ನೊಂದು ಗೊಂದಲವೂ ಹಣಕಿ ನೋಡುತ್ತದೆ. ಅದೇ 2023ರ ನವೆಂಬರ್ 19ರಂದು, ವಿಶ್ವಕಪ್ ಕ್ರಿಕೆಟ್ ಫೈನಲ್ಲನ್ನು ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಮಂದಿ ನೋಡಿದರು. ಚಂದಾದಾರರು ನಾಲ್ಕು ಕೋಟಿಗಿಂತ ಕಡಿಮೆ ಇರುವಾಗ ನೋಡುಗರು ಆರು ಕೋಟಿಯ ಹತ್ತಿರ ಹೇಗೆ? ಮೊಬೈಲ್‌ನಲ್ಲಿ ಪುಕ್ಕಟೆ ತೋರಿಸಿದ್ದರು, ಅಷ್ಟೇ. ವೀಕ್ಷಕ ಬೇರೆ, ಚಂದಾದಾರ ಬೇರೆ. ಯೂಟ್ಯೂಬ್ ಚಾನೆಲ್‌ನ ‘ಸಬ್‌ಸ್ಕ್ರೈಬ್’ ಗುಂಡಿ ಒತ್ತಿದವನಿಗೂ ನಮ್ಮ ಸುದ್ದಿಗಳಲ್ಲಿ ‘ಚಂದಾದಾರ’ ಎಂದೇ ಬರೆಯುತ್ತಾರೆ, ಅವನು ಬಿಡಿಗಾಸು ಕೊಟ್ಟಿರುವುದಿಲ್ಲ. ಚಂದಾ ಕೊಡದ ಚಂದಾದಾರ! ಗಣೇಶನ ಹಬ್ಬದ ಹುಡುಗರು ಇದನ್ನು ಎಂದೂ ಒಪ್ಪುವುದಿಲ್ಲ.

ಇನ್ನು, ಐಪಿಎಲ್‌ಗೆಂದೇ ಮಾರ್ಚ್‌ನಲ್ಲಿ ದುಡ್ಡು ಕಟ್ಟಿ ಜೂನ್‌ನಲ್ಲಿ ಬಿಡುವವರಿದ್ದಾರಲ್ಲ, ಅವರಿಗೆ ‘ಹಂಗಾಮಿ ಚಂದಾದಾರ’ ಎಂಬ ಪದ ಹೇಗೆ? ಹಂಗಾಮಿ ನೌಕರ, ಹಂಗಾಮಿ ಅಧ್ಯಕ್ಷ ಎಂಬಲ್ಲಿಯ ತಾತ್ಕಾಲಿಕತೆಯೂ ಸಿಗುತ್ತದೆ, ಮುಂಗಾರು ಹಂಗಾಮು ಎಂಬಲ್ಲಿಯ ಋತುವೂ ಸಿಗುತ್ತದೆ. ಇದರ ಬಗ್ಗೆ ನನಗೆ ಹೆಚ್ಚು ಅನುಮಾನವಿಲ್ಲ, ಬೇಡವೆನ್ನುವವರು ಕಾರಣ ಕೊಡಲಿ.

ಈ ಹಂಗಾಮಿಗಳನ್ನು ಹಿಡಿದಿಡುವುದೇ ಕಂಪನಿಗಳ ದೊಡ್ಡ ತಲೆನೋವು. ಒಂದು ಉಪಾಯ, ಸರಣಿಯ ಎಲ್ಲ ಕಂತುಗಳನ್ನೂ ಒಮ್ಮೆಗೇ ಬಿಡದೆ ವಾರಕ್ಕೊಂದು ಕೊಡುವುದು. ಒಂದೇ ರಾತ್ರಿ ನೋಡಿ ಮುಗಿಸಿ ಮರುದಿನ ಬಿಟ್ಟುಹೋಗುವವನನ್ನು ಇದು ಎರಡು ಮೂರು ತಿಂಗಳು ಉಳಿಸಿಕೊಳ್ಳುತ್ತದೆ. ನಮ್ಮ ವಾರಪತ್ರಿಕೆಗಳು ಧಾರಾವಾಹಿ ಕಾದಂಬರಿಗಳನ್ನು ಇಟ್ಟುಕೊಂಡು ದಶಕಗಳ ಕಾಲ ಮಾಡಿದ್ದು ಇದನ್ನೇ. ನಾಯಕಿ ಬಾಗಿಲು ತೆರೆಯುವಷ್ಟರಲ್ಲಿ ‘ಮುಂದುವರಿಯುವುದು’ ಎಂದು ಬಂದರೆ, ಓದುವ ಮನೆಯವರು ಮುಂದಿನ ವಾರ ಪತ್ರಿಕೆ ಬೇಡವೆನ್ನುವುದು ಎಲ್ಲಿಂದ ಬಂತು? ಇನ್ನೊಂದು ಉಪಾಯ ವಾರ್ಷಿಕ ಚಂದಾ. ಇದಕ್ಕೆ ವಿವರಣೆ ಬೇಡ.

ಮೂರನೆಯದು ಬಂಡಲ್, ಅಂದರೆ ಬೇರೊಂದು ಸೇವೆಯ ಜೊತೆ ಕಟ್ಟಿ ಕೊಡುವುದು. 2025ರ ಐಪಿಎಲ್‌ಗೆ ಮುನ್ನ ಜಿಯೋ ಕಂಪನಿ 299 ರೂಪಾಯಿ ಹಾಗೂ ಮೇಲ್ಪಟ್ಟ ರೀಚಾರ್ಜ್ ಜೊತೆ 90 ದಿನಗಳ ಜಿಯೋಹಾಟ್‌ಸ್ಟಾರ್ ಕೊಟ್ಟಿತು. ಅದಕ್ಕೆ ಕೆಲವೇ ವಾರಗಳ ಹಿಂದೆ, ಫೆಬ್ರುವರಿಯಲ್ಲಿ, ಹಾಟ್‌ಸ್ಟಾರ್ ಮತ್ತು ಜಿಯೋಸಿನಿಮಾ ಒಂದಾಗಿದ್ದವು. ಇಂಥ ಬಂಡಲನ್ನು ‘ಕೊಸರು’ ಎನ್ನಬಹುದೇ ಎಂದು ಸ್ನೇಹಿತರೊಬ್ಬರು ಕೇಳಿದರು. ಪದ ಬಾಯಲ್ಲಿ ನೀರೂರಿಸುತ್ತದೆ, ಆದರೆ ಕೊಸರು ಗಿರಾಕಿ ಕೇಳಿ ಪಡೆಯುವುದು, ಅಂಗಡಿಯವನು ತೂಕ ಮುಗಿದ ಮೇಲೆ ಮೇಲಿಂದ ಹಾಕುವುದು. ಬಂಡಲ್‌ನ ಬೆಲೆ ಮೊದಲೇ ಲೆಕ್ಕದೊಳಗೆ ಕೂತಿರುತ್ತದೆ. ನಾನು ‘ಬಂಡಲ್’ ಎಂದೇ ಉಳಿಸಿಕೊಂಡಿದ್ದೇನೆ. ಆದರೆ ಚರ್ನ್‌ನ ಪ್ರಶ್ನೆ ಇಲ್ಲಿಯೂ ಬೆನ್ನು ಬಿಡುವುದಿಲ್ಲ. ರೀಚಾರ್ಜ್ ಜೊತೆಗೆ ಬಂದದ್ದು 90 ದಿನ ಮುಗಿದು ತಾನಾಗಿ ನಿಂತುಹೋದರೆ, ಆ ಮನುಷ್ಯ ‘ಬಿಟ್ಟ’ ಎನ್ನಬೇಕೋ, ಅವನಿಂದ ‘ಬಿಟ್ಟುಹೋಯಿತು’ ಎನ್ನಬೇಕೋ?

ಈ ‘ಬಿಡು’ ಎಂಬ ಧಾತುವೇ ದಾರಿ ತೋರಿಸುತ್ತದೆ ಎಂದು ನನ್ನ ಊಹೆ. ಮನೆಮಾತಿನಲ್ಲಿ ಯಾರೂ ‘ಚಂದಾದಾರರಾಗಿದ್ದೇವೆ’ ಎನ್ನುವುದಿಲ್ಲ. ಪೇಪರ್ ಹಾಕಿಸಿದ್ದೇವೆ, ಹಾಲು ಹಾಕಿಸಿಕೊಳ್ಳುತ್ತೇವೆ, ಕೇಬಲ್ ಹಾಕಿಸಿದ್ದೇವೆ ಎನ್ನುತ್ತೇವೆ. ಬೇಡವಾದಾಗ ‘ಪೇಪರ್ ಬಿಡಿಸಿದೆವು’, ‘ಕೇಬಲ್ ತೆಗೆಸಿದೆವು’. (‘ಹಾಲು ಬಿಡಿಸಿದೆವು’ ಎಂದರೆ ಮಾತ್ರ ಮಗುವಿಗೆ ಎಷ್ಟು ವರ್ಷ ಎಂದು ಕೇಳುವ ಅಪಾಯವಿದೆ.) ಹಳೇ ಮೈಸೂರಿನ ಕಡೆ ದಿನವೂ ತಪ್ಪದೆ ಮನೆಗೆ ಬರುವ ಹಾಲಿಗೆ, ಹೂವಿಗೆ ‘ವರ್ತನೆ’ ಎಂಬ ಸೊಗಸಾದ ಪದವಿತ್ತು: ವರ್ತನೆ ಹಾಲು, ವರ್ತನೆ ಹೂವು. ದಿನವೂ ಕೊಟ್ಟದ್ದಕ್ಕೆ ಗೋಡೆಯ ಮೇಲೆ ಗೀಟು ಎಳೆದು, ತಿಂಗಳ ಕೊನೆಗೆ ಎಣಿಸಿ ದುಡ್ಡು. ಓಟಿಟಿಯವರ ಇಡೀ ವ್ಯವಹಾರ ಇದೇ ತಾನೆ? ಒಂದೇ ವ್ಯತ್ಯಾಸ, ಇವರು ದುಡ್ಡನ್ನು ಮೊದಲೇ ಕಿತ್ತುಕೊಳ್ಳುತ್ತಾರೆ, ಮತ್ತು ಗೀಟು ಎಳೆಯುವವರು ಅವರೇ. ಆದರೆ ಇಂದಿನ ವಿದ್ಯಾರ್ಥಿಗೆ ವರ್ತನೆ ಎಂದರೆ ನಡತೆ. ‘ಗ್ರಾಹಕರ ವರ್ತನೆ’ ಎಂಬ ಪಾಠವೇ ಅವನಿಗೆ ಬೇರೆ ಇದೆ. ಹಾಗಾಗಿ ಮನಸ್ಸಿಲ್ಲದಿದ್ದರೂ ಅದನ್ನು ಕೈಬಿಟ್ಟೆ.

ನನ್ನ ಸಲಹೆ ‘ಬಿಡುವಳಿ’. ಹಿಡುವಳಿ, ಸಾಗುವಳಿ, ಹುಟ್ಟುವಳಿ ಇರುವಾಗ ಬಿಡುವಳಿ ಕಿವಿಗೆ ಪರಕೀಯವೆನಿಸದು. ‘ತಿಂಗಳ ಬಿಡುವಳಿ ದರ ಶೇ 6’ ಎಂದರೆ ವಾಕ್ಯ ನೇರವಾಗಿ ನಿಲ್ಲುತ್ತದೆ. ಬಿಟ್ಟವರೂ ತಾನಾಗಿ ಬಿಟ್ಟುಹೋದವರೂ ಅದರೊಳಗೆ ಸೇರುತ್ತಾರೆ. ಜೊತೆಗೆ ಹೊಸಬರಿಗೆ ‘ಸೇರ್ಪಡೆ’, ನಿಂತವರಿಗೆ ‘ಉಳಿಕೆ’, ಕೂಡಿ ಕಳೆದ ಮೇಲಿನದಕ್ಕೆ ‘ನಿವ್ವಳ ಏರಿಕೆ’ ಅಥವಾ ‘ನಿವ್ವಳ ಇಳಿಕೆ’. ಈ ನಾಲ್ಕು ಕೈಯಲ್ಲಿದ್ದರೆ ಹಾಟ್‌ಸ್ಟಾರ್‌ನ ಕಥೆಯನ್ನು ಗೊಂದಲವಿಲ್ಲದೆ ಹೇಳಬಹುದು. ‘ಬಿಟ್ಟುಹೋಗುವವರ ಪ್ರಮಾಣ’ ಎಂಬ ಬಿಡಿಸಿ ಹೇಳುವ ರೂಪವೇ ಸಾಕು ಎನ್ನುವವರೂ ಇರಬಹುದು. ಮೊದಲ ಸಲ ಬರುವಾಗ ಅದು ಬೇಕು, ನಿಜ. ಆದರೆ ಒಂದೇ ಪುಟದಲ್ಲಿ ಹತ್ತು ಸಲ ಬಂದರೆ ಓದುಗನೇ ಬಿಟ್ಟುಹೋಗುತ್ತಾನೆ.

ಇದರ ಜೊತೆಗೇ ಇನ್ನೊಂದು ಚಿಕ್ಕ ವಿಷಯ. ‘ಆರ್ಪು’ (ARPU, ಒಬ್ಬ ಬಳಕೆದಾರನಿಂದ ಕಂಪನಿಗೆ ಸರಾಸರಿ ಬರುವ ಹಣ) ಎಂಬುದಕ್ಕೆ ‘ಚಂದಾದಾರರ ತಲಾ ಆದಾಯ’ ಎಂದು ಬರೆಯುವುದನ್ನು ದಯವಿಟ್ಟು ನಿಲ್ಲಿಸೋಣ. ತಲಾ ಆದಾಯ ಎಂದರೆ ಜನ ಗಳಿಸುವುದು. ಇಲ್ಲಿ ಹೇಳಬೇಕಾದದ್ದು ಜನರಿಂದ ಕಂಪನಿ ಗಳಿಸುವುದು. 2023ರಲ್ಲಿ ಹಾಟ್‌ಸ್ಟಾರ್‌ಗೆ ಒಬ್ಬ ಚಂದಾದಾರನಿಂದ ತಿಂಗಳಿಗೆ ಸಿಗುತ್ತಿದ್ದುದು ಒಂದು ಡಾಲರ್‌ಗಿಂತ ಕಡಿಮೆ. ಅಮೆರಿಕ, ಕೆನಡಾಗಳ ಡಿಸ್ನಿ ಪ್ಲಸ್‌ಗೆ ಅದೇ ವರ್ಷ ಏಳು ಡಾಲರ್ ದಾಟಿತ್ತು. ಇದನ್ನು ‘ಹಾಟ್‌ಸ್ಟಾರ್ ಚಂದಾದಾರರ ತಲಾ ಆದಾಯ ಒಂದು ಡಾಲರ್‌ಗೂ ಕಡಿಮೆ’ ಎಂದು ಬರೆದರೆ ನಮ್ಮವರೆಲ್ಲ ಹಸಿದು ಕ್ರಿಕೆಟ್ ನೋಡುತ್ತಿರುವಂತೆ ಕೇಳಿಸುತ್ತದೆ. ‘ಚಂದಾದಾರರಿಂದ’ ಎಂಬ ವಿಭಕ್ತಿ ಒಂದೇ ಸಾಕು. ‘ಚಂದಾದಾರರಿಂದ ತಲಾ ಹುಟ್ಟುವಳಿ’ ಎಂದು ಬರೆದಿದ್ದೇನೆ, ಬಿಡುವಳಿಗೂ ಪ್ರಾಸವಾಯಿತು.

ಮತ್ತು ಒಂದೊಂದಕ್ಕೇ ದುಡ್ಡು ಕೊಟ್ಟು ನೋಡುವ ಪದ್ಧತಿಗೆ, ಪತ್ರಿಕೆಗಳ ‘ಬಿಡಿ ಪ್ರತಿ’ಯ ಜಾಡಿನಲ್ಲಿ, ‘ಬಿಡಿ ನೋಟ’ ಎಂದು ಇಟ್ಟಿದ್ದೇನೆ. 2024ರ ಜುಲೈನಲ್ಲಿ ರಕ್ಷಿತ್ ಶೆಟ್ಟಿ ಅವರ ಬೆಂಬಲದ ‘ಏಕಂ’ ಸರಣಿ ದೊಡ್ಡ ಓಟಿಟಿಗಳ ನೆರವಿಲ್ಲದೆ ತನ್ನದೇ ಜಾಲತಾಣದಲ್ಲಿ ಬಂದದ್ದು ನೆನಪಿರಬಹುದು. ಕನ್ನಡಕ್ಕೆ ಬಿಡಿ ನೋಟದ ಪದ ಬೇಕಾಗುವುದು ಇಂಥಲ್ಲಿ.

ಬಲ್ಲವರಲ್ಲಿ ನನ್ನ ಕೇಳಿಕೆ ಇಷ್ಟು. ‘ಬಿಡುವಳಿ’ ಎಂಬುದು ನಿಮ್ಮ ಸೀಮೆಯಲ್ಲಿ, ಕಂದಾಯದ ಕಡತಗಳಲ್ಲಿ ಅಥವಾ ದೇವಸ್ಥಾನದ ಲೆಕ್ಕಗಳಲ್ಲಿ ಬೇರೆ ಅರ್ಥದಲ್ಲಿ ಈಗಾಗಲೇ ಬಳಕೆಯಲ್ಲಿದೆಯೇ? ಇದ್ದರೆ ಅದರೊಂದಿಗೆ ಡಿಕ್ಕಿಯಾಗುವುದು ಬೇಡ. ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯವರು ದಿನದ ಹಾಲು ಬೇಡವೆಂದು ಹೇಳುವಾಗ ಯಾವ ಕ್ರಿಯಾಪದ ಬಳಸುತ್ತಾರೆ, ಮಂಗಳೂರಿನವರು ಪೇಪರ್ ‘ಬಿಡಿಸು’ತ್ತಾರೋ ‘ನಿಲ್ಲಿಸು’ತ್ತಾರೋ? ಲೇಖನ ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗಬೇಕು. ಅಷ್ಟರೊಳಗೆ ಉತ್ತರಿಸಿದರೆ ಉಪಕಾರವಾಗುತ್ತದೆ. ಹೊಸ ಸಂಸ್ಕೃತ ಸಮಾಸಗಳನ್ನು ಸೂಚಿಸುವವರು ಅವನ್ನು ಒಂದು ಪೂರ್ತಿ ವಾಕ್ಯದಲ್ಲಿ ಬಳಸಿ ತೋರಿಸಬೇಕಾಗಿ ವಿನಂತಿ.