ಮಳೆಗಾಲ ಕಳೆದ ಮೇಲೆ ವ್ಯಾನಿನ ಎರಡನೇ ಬ್ಯಾಟರಿ ಚಾರ್ಜ್ ಹಿಡಿಯುತ್ತಿಲ್ಲ: ಹೊಸದು ಕೊಳ್ಳುವ ಮುನ್ನ ಏನು ನೋಡಬೇಕು?

ಕಾಳಿತೀರ, ಕಾರವಾರ:

ಮಾನ್ಯರೇ, ನಮ್ಮ ಟೆಂಪೊ ಟ್ರಾವೆಲರ್‌ನಲ್ಲಿ ಮಂಚ, ಸಣ್ಣ ಫ್ರಿಜ್, ನೀರಿನ ಪಂಪು ಕೂಡಿಸಿ ಮೂರು ವರ್ಷಗಳಾದವು. ಇವುಗಳಿಗೆಂದೇ 100 ಆಂಪಿಯರ್-ಅವರ್‌ನ, ನೀರು ಹಾಕುವ ಬ್ಯಾಟರಿಯೊಂದು ಸೀಟಿನ ಕೆಳಗಿದೆ. ಎಂಜಿನ್ ಓಡುವಾಗ ರಿಲೇ (ಆಗ ಎರಡೂ ಬ್ಯಾಟರಿಗಳನ್ನು ತಾನೇ ಜೋಡಿಸುವ ಸ್ವಿಚ್) ಮೂಲಕ ಎಂಜಿನ್ನಿನ ವಿದ್ಯುತ್ ಯಂತ್ರವಾದ ಆಲ್ಟರ್ನೇಟರ್‌ನಿಂದ, ನಿಂತಾಗ ಮಾಡಿನ ಮೇಲಿನ 100 ವ್ಯಾಟ್ ಸೋಲಾರ್ ಪ್ಯಾನೆಲ್‌ನಿಂದ ಅದು ಚಾರ್ಜ್ ಆಗಬೇಕು. ಜೂನ್ ಆರಂಭದಿಂದ ಸೆಪ್ಟೆಂಬರ್ ಕೊನೆಯವರೆಗೆ ವ್ಯಾನು ಅಂಗಳದ ಮಾವಿನ ಮರದಡಿ ನಿಂತಿತ್ತು. ಕಳೆದ ವಾರ ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದೆವು. ದಾರಿಯುದ್ದಕ್ಕೂ ಎಂಜಿನ್ ಓಡಿದ್ದರೂ, ಸಂಜೆ ದೀಪ ಹಚ್ಚಿದ ಹತ್ತೇ ನಿಮಿಷಕ್ಕೆ ಎಲ್ಲವೂ ಮಂಕಾಗಿ ಫ್ರಿಜ್ ನಿಂತಿತು. ಮೀಟರ್ ಹಿಡಿದರೆ 10.4 ವೋಲ್ಟ್. ಮನೆಯ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಅಂಗಡಿಯವರು ನೋಡಿದ ಕೂಡಲೇ ಹೊಸದು ಹಾಕಿಸಿ ಎಂದರು. ಅದನ್ನು ಒಪ್ಪಬಹುದೇ?

ಬೇಣದಮನೆ, ಶಿರಸಿ:

ಅಂಗಡಿಯವರು ಹೇಳಿದ್ದು ನಿಜವಿರಬಹುದು, ಆದರೆ 10.4 ಎಂಬ ಒಂದು ಅಂಕಿಯಿಂದ ಅದು ತೀರ್ಮಾನವಾಗುವುದಿಲ್ಲ. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಆರು ಸೆಲ್‌ಗಳಿದ್ದು, ಪೂರ್ತಿ ತುಂಬಿದಾಗ ಒಂದೊಂದೂ ಸುಮಾರು 2.1 ವೋಲ್ಟ್ ಕೊಡುವುದರಿಂದ, ವಿಶ್ರಾಂತಿಯಲ್ಲಿ ಒಟ್ಟು 12.6ರ ಮೇಲಿರಬೇಕು. ಅದರಲ್ಲಿ ಒಂದು ಸೆಲ್ ಶಾರ್ಟ್ ಆದರೆ ಉಳಿಯುವುದು 10.5. ಆದರೆ ನಾಲ್ಕು ತಿಂಗಳು ಯಾವುದಾದರೂ ಸಣ್ಣ ಉಪಕರಣ ಎಳೆಯುತ್ತಲೇ ಇದ್ದರೆ, ಆರೂ ಸೆಲ್‌ಗಳು ಸರಿಯಿರುವ ಬ್ಯಾಟರಿಯೂ ಅಷ್ಟಕ್ಕೇ ಇಳಿಯಬಲ್ಲದು. ಇವೆರಡರಲ್ಲಿ ಯಾವುದೆಂದು ತಿಳಿಯಲು ಚಾರ್ಜ್ ಮಾಡಿ ನೋಡಲೇಬೇಕು.

ಚಾರ್ಜರ್ ಕೆಟ್ಟಿರಲಾರದು. ಈಚಿನ ಚಾರ್ಜರ್‌ಗಳಲ್ಲಿ ಹಲವು, ವೋಲ್ಟೇಜ್ ತೀರ ಕಡಿಮೆಯಿದ್ದರೆ ಕೆಲಸವನ್ನೇ ಆರಂಭಿಸುವುದಿಲ್ಲ. ಬ್ಯಾಟರಿಯನ್ನು ಸೀಟಿನ ಕೆಳಗಿನಿಂದ ಹೊರಗೆ, ಗಾಳಿಯಾಡುವ ಕಡೆಗೆ ತನ್ನಿ. (ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಜನ ಮಲಗುವ ಕಡೆ ಹೊರಕ್ಕೆ ಗಾಳಿಕೊಳವೆಯಿಲ್ಲದೆ ಅದನ್ನು ಇಟ್ಟದ್ದೇ ನನಗೆ ಸರಿಕಾಣುವುದಿಲ್ಲ.) ಪ್ಲೇಟುಗಳು ಒಣಗಿದ್ದರೆ ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ, ಉಳಿದದ್ದನ್ನು ಚಾರ್ಜ್ ಆದ ಮೇಲೆ ತುಂಬಿ. ಬಳಿಕ ಜಂಪರ್ ತಂತಿಯಿಂದ ಎಂಜಿನ್ನಿನ ಬ್ಯಾಟರಿಗೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಜೋಡಿಸಿ. ಎಂಜಿನ್ ಬದಿಯ ಮೈನಸ್ ಕ್ಲಿಪ್ಪನ್ನು ಕೊನೆಗೆ, ಬ್ಯಾಟರಿಯಿಂದ ದೂರದ ಬರಿ ಲೋಹಕ್ಕೆ ಹಾಕಿದರೆ ಕಿಡಿ ಬ್ಯಾಟರಿಯ ಬಳಿ ಹಾರುವುದಿಲ್ಲ. ಈಗ ಚಾರ್ಜರ್ ಹಾಕಿದರೆ ಅದು ಒಪ್ಪಿಕೊಳ್ಳುತ್ತದೆ. ಅರ್ಧ ತಾಸಿನ ನಂತರ ಜಂಪರ್ ತೆಗೆಯಿರಿ. ಹತ್ತು ಆಂಪಿಯರ್‌ಗಿಂತ ಹೆಚ್ಚು ಬೇಡ. ಪಕ್ಕದಲ್ಲೇ ಇರಿ, ಡಬ್ಬಿ ಕೈಗೆ ಬಿಸಿ ಎನಿಸಿದರೆ ನಿಲ್ಲಿಸಿ.

ಚಾರ್ಜ್ ಮುಗಿದ ಮೇಲೆ ಆಸಿಡ್‌ನ ಸಾಂದ್ರತೆ ತೋರಿಸುವ ಹೈಡ್ರೋಮೀಟರಿನಿಂದ ಆರೂ ಸೆಲ್ ನೋಡಿ. ಎಲ್ಲವೂ 1.250ರ ಆಸುಪಾಸು ಬಂದರೆ ಬ್ಯಾಟರಿ ಇನ್ನೂ ಉಪಯೋಗಕ್ಕುಂಟು. ಐದು ಏರಿ ಒಂದು ಮಾತ್ರ ಕೆಳಗೇ ಉಳಿದರೆ ಆಸೆ ಬಿಡಿ.

ಅಘನಾಶಿನಿ, ಕುಮಟಾ:

ಬ್ಯಾಟರಿ ಉಳಿದರೂ ಹೋದರೂ, ಅದು ಖಾಲಿಯಾದದ್ದೇಕೆ ಎಂಬುದನ್ನು ಕಂಡುಹಿಡಿಯದೆ ದುಡ್ಡು ಸುರಿಯಬೇಡಿ. ಎಲ್ಲ ಸ್ವಿಚ್ ಆರಿಸಿ, ಮೈನಸ್ ತಂತಿ ಕಳಚಿ, ನಡುವೆ ಮಲ್ಟಿಮೀಟರನ್ನು ಆಂಪಿಯರ್ ಸಾಕೆಟ್‌ನಲ್ಲಿ ಇಟ್ಟು ನೋಡಿ. ಬರೀ 40 ಮಿಲಿಆಂಪಿಯರ್ ಎಳೆದರೂ ದಿನಕ್ಕೆ ಹೆಚ್ಚುಕಡಿಮೆ ಒಂದು ಆಂಪಿಯರ್-ಅವರ್ ಆಯಿತು. ಜೂನ್‌ನಿಂದ ಸೆಪ್ಟೆಂಬರ್ ಎಂದರೆ 122 ದಿನ, ನಿಮ್ಮ ಬ್ಯಾಟರಿ ಇರುವುದೇ 100. ನಮ್ಮ ಕಡೆಯ ಆಷಾಢದ ಮೋಡದಲ್ಲಿ, ಅದೂ ಮಾವಿನ ಎಲೆ ಬಿದ್ದ ಪ್ಯಾನೆಲ್‌ನಿಂದ, ಆ ನಷ್ಟ ತುಂಬಿಬರುವುದೆಂದು ನಂಬಬೇಡಿ.

ನನಗೆ ಹೆಚ್ಚು ಅನುಮಾನವಿರುವುದು ಘಟ್ಟದ ಪ್ರಯಾಣದ ಬಗ್ಗೆ. ಅಷ್ಟು ಹೊತ್ತು ಎಂಜಿನ್ ಓಡಿದರೂ ಹಿಂಬದಿಯ, ಸೀಟಿನ ಕೆಳಗಿನ ಬ್ಯಾಟರಿಗೆ ಏನೂ ಸೇರಲಿಲ್ಲವೆಂದರೆ ಕರೆಂಟಿನ ದಾರಿಯಲ್ಲಿ ಎಲ್ಲೋ ತಡೆಯಿದೆ. ಎಂಜಿನ್ ಓಡುತ್ತಿರುವಾಗ ಮುಂಬದಿಯ ಎಂಜಿನ್ ಬ್ಯಾಟರಿಯ ಮೇಲೆ ಒಮ್ಮೆ, ಹಿಂದಿನದರ ಮೇಲೆ ಒಮ್ಮೆ ಅಳೆಯಿರಿ. ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಫ್ಯೂಸ್, ರಿಲೇ, ಅರ್ಥಿಂಗ್ ಬೋಲ್ಟು, ಈ ಮೂರನ್ನು ಬಿಚ್ಚಿ ನೋಡಿ. ಸಮುದ್ರದ ಉಪ್ಪುಗಾಳಿಗೆ ತಾಮ್ರದ ತುದಿ ಹಸಿರು ಕಿಲುಬು ಹಿಡಿಯುವುದು ಹೊರಗಿನಿಂದ ಕಾಣುವುದೇ ಇಲ್ಲ.

ಕಾಳಿತೀರ, ಕಾರವಾರ:

ನಿಮ್ಮಿಬ್ಬರಿಗೂ ಕೃತಜ್ಞತೆಗಳು. ಜಂಪರ್ ಹಾಕಿದ ಮೇಲೆ ಚಾರ್ಜರ್ ಒಪ್ಪಿತು. ಹದಿನಾಲ್ಕು ತಾಸಿನ ನಂತರ ಐದು ಸೆಲ್‌ಗಳು 1.240 ದಾಟಿದವು, ಮೂರನೆಯದು 1.130ರಲ್ಲೇ ನಿಂತಿತು. ಮರುದಿನ ಬೆಳಿಗ್ಗೆ ಮೀಟರ್ ಮತ್ತೆ 10.6 ತೋರಿಸಿತು. ಅಂಗಡಿಯವರನ್ನು ಸುಮ್ಮನೆ ಸಂಶಯಿಸಿದೆ.

ಆದರೆ ಎಂಜಿನ್ ಓಡುವಾಗ ಮುಂದೆ 14.1, ಹಿಂದೆ 12.8 ಇತ್ತು. ಚಾಸಿಗೆ ಬಿಗಿದ ಅರ್ಥಿಂಗ್ ಬೋಲ್ಟನ್ನು ಬಿಚ್ಚಿದರೆ ಅದರಡಿ ಹಸಿರು ಪುಡಿ. ಉಜ್ಜಿ, ತಂತಿಯ ತುದಿಗೆ ಹೊಸ ಲಗ್ (ಲೋಹದ ಬಳೆ) ಹಾಕಿ, ವ್ಯಾಸಲೀನ್ ಬಳಿದ ಮೇಲೆ ಹಿಂದೆಯೂ 13.9 ಬರುತ್ತಿದೆ. ಸುಮ್ಮನೆ ನಿಂತಾಗಿನ ಎಳೆತ 42 ಮಿಲಿಆಂಪಿಯರ್ ಇದ್ದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೊಬೈಲ್ ಚಾರ್ಜ್ ಮಾಡುವ ಸಾಕೆಟ್‌ನ ನೀಲಿ ದೀಪದ್ದು! ಇನ್ನು ಹೊಸದನ್ನು ಲಿಥಿಯಂ ಹಾಕಿಸುವುದು ಒಳ್ಳೆಯದೇ?

ಬೇಣದಮನೆ, ಶಿರಸಿ:

ಈಗಿರುವ ರಿಲೇಯೊಂದಿಗೆ ಬೇಡ. ಖಾಲಿಯಾದ ಲಿಥಿಯಂ ಬ್ಯಾಟರಿ ಆಲ್ಟರ್ನೇಟರ್‌ನಿಂದ ಒಮ್ಮೆಗೇ ಬಹಳ ಕರೆಂಟ್ ಎಳೆದು ಅದನ್ನು ಕಾಯಿಸಬಲ್ಲದು. ಅದಕ್ಕೆ ನಡುವೆ ಕರೆಂಟನ್ನು ಮಿತಿಯಲ್ಲಿಡುವ ಡಿಸಿ-ಡಿಸಿ ಚಾರ್ಜರ್ ಬೇಕು, ಖರ್ಚು ಬೆಳೆಯುತ್ತದೆ. ಮೊದಲಿನಂಥದ್ದನ್ನೇ ಹಾಕಿಸಿ, ಹಳೆಯದನ್ನು ಅಂಗಡಿಗೇ ಕೊಟ್ಟು ಬೆಲೆಯಲ್ಲಿ ಕಡಿತ ಕೇಳಿ. ಜೊತೆಗೆ ಮೈನಸ್ ತಂತಿಗೆ ಬ್ಯಾಟರಿಯನ್ನು ಪೂರ್ತಿ ಬೇರ್ಪಡಿಸುವ ಐಸೊಲೇಟರ್ ಸ್ವಿಚ್ ಒಂದನ್ನು ಕೂಡಿಸಿ. ಆದರೆ ಅದನ್ನು ತಿರುಗಿಸುವ ಮುನ್ನ ಪ್ಯಾನೆಲ್‌ನ ತಂತಿಯನ್ನು ಬಿಡಿಸಬೇಕು, ಏಕೆಂದರೆ ಬ್ಯಾಟರಿಯಿಲ್ಲದೆ ಪ್ಯಾನೆಲ್ ಮಾತ್ರ ಇದ್ದರೆ, ಅವೆರಡರ ನಡುವೆ ಕೂಡಿಸುವ ಕೆಲವು ಸೋಲಾರ್ ಕಂಟ್ರೋಲರ್‌ಗಳು ಸುಡುತ್ತವೆ. ನಿಂತ ತಿಂಗಳುಗಳಲ್ಲಿಯೂ ತಿಂಗಳಿಗೊಮ್ಮೆ ಮನೆಯ ಚಾರ್ಜರ್ ಹಾಕುವುದನ್ನು ತಪ್ಪಿಸಬೇಡಿ.