3ನೇ ಕ್ರಾಸ್ ಪಿಜಿ ಕಟ್ಟಡ: ತಪಾಸಣೆಗೆ ಅರ್ಜಿ ಕೊಡೋಣ, ದಯವಿಟ್ಟು ಎಲ್ಲರೂ ಓದಿ

ಮನೆ 41, 3ನೇ ಕ್ರಾಸ್ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ಪೂರ್ತಿ ಓದಿ.

ನಮ್ಮ ಪಕ್ಕದ 30x40 ಸೈಟಿನ ಪಿಜಿ ನಿಮಗೆಲ್ಲ ಗೊತ್ತು. ಕೆಳಗಿನದೂ ಸೇರಿ ಐದು ಅಂತಸ್ತು ಆಗಿತ್ತು. ಈಗ ಆರನೆಯದಕ್ಕೆ ಕಂಬಿ ಕಟ್ಟುತ್ತಿದ್ದಾರೆ. ಕೆಳಗೆ ಅರವತ್ತರ ಹತ್ತಿರ ಹುಡುಗಿಯರು ಇದ್ದಾರೆ. ಅವರ ತಲೆಯ ಮೇಲೇ ಕೆಲಸ ನಡೆಯುತ್ತಿದೆ.

ಯುಗಾದಿ ಕಳೆದ ಮೇಲೆ ನಮ್ಮ ಮಲಗುವ ಕೋಣೆಯ ಗೋಡೆಯಲ್ಲಿ ಬಿರುಕು ಕಾಣಿಸಿತು. ಮೊದಲು ಕೂದಲೆಳೆಯಷ್ಟು ಇತ್ತು. 12ನೇ ಮನೆ ಇಂಜಿನಿಯರ್ ಸಾರ್ ಬಂದು ನೋಡಿ, ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ, ನಡುವೆ ಒಂದಿಷ್ಟು ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೆತ್ತಿ ಅಂದರು. ಹಾಗೇ ಮಾಡಿದೆ. ಹನ್ನೊಂದನೇ ದಿನ ಬೆಳಿಗ್ಗೆ ನೋಡಿದರೆ ಪಿಒಪಿ ಸೀಳಿದೆ. ಬಿರುಕು ಗೆರೆ ದಾಟಿ ನಾಲ್ಕು ಬೆರಳು ಮುಂದೆ ಹೋಗಿದೆ. ಈಗ ಒಂದು ರೂಪಾಯಿ ನಾಣ್ಯ ಒಳಗೆ ತೂರುತ್ತದೆ. ಫೋಟೋ ಹಾಕಿದ್ದೇನೆ.

ಮಾಲೀಕರ ಹತ್ತಿರ ಎರಡು ಸಲ ಮಾತಾಡಿದೆ. "ನಿಮ್ಮ ಮನೆ ಹಳೇದಮ್ಮ, ಅದಕ್ಕೇ ಬಿರುಕು" ಅಂದರು. ಮಂಜೂರಾದ ಪ್ಲಾನ್ ತೋರಿಸಿ ಅಂದೆ. ತೋರಿಸಲಿಲ್ಲ.

ಎಲ್ಲರೂ ಸೇರಿ ಪಾಲಿಕೆಗೆ ತಪಾಸಣೆಯ ಅರ್ಜಿ ಕೊಡೋಣ. ಯಾರು ಸಹಿ ಹಾಕುತ್ತೀರಿ ಹೇಳಿ.

ಮನೆ 27, 2ನೇ ಕ್ರಾಸ್

ಅಕ್ಕ, ನನ್ನ ಸಹಿ ಇದೆ ಅಂತ ಬರೆದುಕೊಳ್ಳಿ. ಆದರೆ ಅರ್ಜಿ ಕೊಟ್ಟು ಕಾಯೋದು ಯಾಕೆ? ನಾಳೆ ನಾವು ಒಂದಿಪ್ಪತ್ತು ಜನ ಒಳಗೆ ಹೋಗಿ ವಿಡಿಯೋ ಮಾಡಿಕೊಂಡು ಬರೋಣ. ಎಲ್ಲ ಕಡೆ ಹಾಕಿದರೆ ತಾನಾಗಿ ನಿಲ್ಲುತ್ತೆ.

ಮನೆ 8, 1ನೇ ಕ್ರಾಸ್ (ವಕೀಲರು)

ಬೇಡಪ್ಪ, ಅದು ಮಾತ್ರ ಬೇಡ. ಒಳಗೆ ಹೋಗೋ ಅಧಿಕಾರ ನಮಗಿಲ್ಲ. ಹುಡುಗಿಯರು ಇರೋ ಜಾಗ ಬೇರೆ. ನಮ್ಮ ಮೇಲೇ ಅತಿಕ್ರಮ ಪ್ರವೇಶದ ಕೇಸ್ ಬೀಳುತ್ತೆ, ಅಲ್ಲಿಗೆ ಬಿರುಕಿನ ವಿಷಯ ಮರೆತೇ ಹೋಗುತ್ತೆ.

ಒಳಗೆ ಹೋಗಿ ನೋಡೋ ಅಧಿಕಾರ ಇರೋದು ಪಾಲಿಕೆ ಆಯುಕ್ತರಿಗೆ, ಮತ್ತು ಅವರು ಅಧಿಕಾರ ಕೊಟ್ಟು ಕಳಿಸಿದ ಇಂಜಿನಿಯರಿಗೆ. ನಾವು ಬೆಂಗಳೂರಿನವರಲ್ಲ, ಹಾಗಾಗಿ ನಮಗೆ 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯೇ ಅನ್ವಯ. ಬೆಂಗಳೂರಿಗೆ 2020ರಲ್ಲಿ ಬೇರೆ ಕಾಯ್ದೆ ಬಂತು, ಈಗ ಅದರ ಜಾಗಕ್ಕೆ ಇನ್ನೊಂದು ಬಂದಿದೆ. ವಾಟ್ಸಾಪಿನಲ್ಲಿ ಬರೋ ಬೆಂಗಳೂರಿನ ನೋಟಿಸ್ ನೋಡಿ ಅದೇ ಕಲಂ ನಂಬರ್ ಅರ್ಜಿಯಲ್ಲಿ ಬರೆಯಬೇಡಿ.

ಅವರಿಗೂ ಮನಸ್ಸು ಬಂದಾಗ ನುಗ್ಗೋಕೆ ಆಗಲ್ಲ. ಸೂರ್ಯ ಹುಟ್ಟಿದ ಮೇಲೆ, ಮುಳುಗೋ ಮೊದಲು ಬರಬೇಕು. ಜನ ವಾಸ ಇರೋ ಮನೆ ಅಂದ್ರೆ ಅವರ ಒಪ್ಪಿಗೆ ಬೇಕು. ಒಪ್ಪದಿದ್ದರೆ 24 ಗಂಟೆ ಮೊದಲು ಲಿಖಿತ ನೋಟಿಸ್ ಕೊಡಬೇಕು. ಹೆಣ್ಣುಮಕ್ಕಳ ಕೋಣೆ ಇದ್ದರೆ ಅವರು ಪಕ್ಕಕ್ಕೆ ಸರಿಯೋಕೆ ಸಮಯ ಕೊಡಬೇಕು. ಇದು ನಮ್ಮ ನಿಮ್ಮ ಮನೆಗೂ ರಕ್ಷಣೆ ಅಲ್ವಾ? ನಾಳೆ ಯಾರೋ ರಾತ್ರಿ ಹತ್ತಕ್ಕೆ ಬಂದು ಬಾಗಿಲು ಬಡಿದು "ತಪಾಸಣೆ" ಅಂದರೆ ನಾವು ಒಪ್ಪುತ್ತೇವಾ?

ಮನೆ 12, 3ನೇ ಕ್ರಾಸ್ (ಇಂಜಿನಿಯರ್)

ಬಿರುಕನ್ನು ನಾನೇ ನೋಡಿದ್ದೇನೆ. ನನಗೆ ಬಿರುಕಿಗಿಂತ ಜಾಸ್ತಿ ಭಯ ಇರೋದು ಮೇಲಿನ ಭಾರದ ಬಗ್ಗೆ. ನಮ್ಮ ಟೆರೇಸಿನಿಂದ ಎಣಿಸಿದೆ, ಮೇಲೆ ಐದು ಟ್ಯಾಂಕ್ ಇದೆ. ಒಂದೊಂದು 2000 ಲೀಟರಿನದು. 2000 ಲೀಟರ್ ನೀರು ಅಂದ್ರೆ 2 ಟನ್. ಐದೂ ತುಂಬಿದರೆ 10 ಟನ್ ನೀರು, ಅದೂ ಒಂದೇ ಮೂಲೆಯಲ್ಲಿ. ಆ ಮೂಲೆಯೇ ಅಕ್ಕನ ಗೋಡೆ ಕಡೆ. ಈಗ ಪಕ್ಕದಲ್ಲೇ ಸಿಮೆಂಟ್ ಮೂಟೆ, ಮರಳು ಬೇರೆ ಪೇರಿಸಿದ್ದಾರೆ. ಪಾಯ ಎಷ್ಟು ಅಂತಸ್ತಿಗೆ ಹಾಕಿದ್ದು ಅನ್ನೋದು ಪ್ಲಾನ್ ನೋಡದೆ ಯಾರೂ ಹೇಳೋಕಾಗಲ್ಲ. ಹಾಗಾಗಿ "ಕಟ್ಟಡ ಬೀಳುತ್ತೆ" ಅಂತ ಅರ್ಜಿಯಲ್ಲಿ ಬರೆಯಬೇಡಿ. ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಿರಿ.

ಧಾರವಾಡದ ಕುಮಾರೇಶ್ವರ ನಗರದ ಕಟ್ಟಡ ನೆನಪಿದೆಯಾ? 2019ರ ಮಾರ್ಚ್ 19. ಮೇಲೆ ಕೆಲಸ ಇನ್ನೂ ಮುಗಿದಿರಲಿಲ್ಲ, ಕೆಳಗೆ ಅಂಗಡಿಗಳು ಆಗಲೇ ತೆರೆದಿದ್ದವು. ಕಟ್ಟಡ ಕುಸಿದು 19 ಜನ ಸತ್ತರು. ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ 2024ರ ಅಕ್ಟೋಬರ್ 22ರಂದು ಕಟ್ಟುತ್ತಿದ್ದ ಕಟ್ಟಡವೇ ಕುಸಿದು 9 ಜನ ಸತ್ತರು. ಎರಡು ಕಡೆಯೂ ಬಿದ್ದ ಮೇಲೆ ಎಲ್ಲ ಕಡತ ಹೊರಗೆ ಬಂತು. ನಾವು ಬೀಳೋ ಮೊದಲೇ ಕಡತ ತೆಗೆಸೋಣ ಅಂತ ನನ್ನ ಆಸೆ.

ಮನೆ 33, 3ನೇ ಕ್ರಾಸ್

30x40 ಸೈಟಿಗೆ ಈಗ ಓಸಿ (ಸ್ವಾಧೀನಾನುಭವ ಪತ್ರ, ಅಂದ್ರೆ ಕಟ್ಟಡದಲ್ಲಿ ವಾಸ ಮಾಡಬಹುದು ಅನ್ನೋ ಪತ್ರ) ಬೇಡ ಅಂತ ಸರ್ಕಾರವೇ ಹೇಳಿದೆಯಂತಲ್ಲ ಸಾರ್? ಮಾಲೀಕರು ಅದನ್ನೇ ಹೇಳುತ್ತಿದ್ದರು.

ಮನೆ 8, 1ನೇ ಕ್ರಾಸ್ (ವಕೀಲರು)

ಆ ವಿನಾಯಿತಿ ಅಂತಸ್ತಿನ ಮಿತಿಯೊಳಗೆ ಕಟ್ಟಿದ ಸಣ್ಣ ಮನೆಗಳಿಗೆ. ಆರು ಅಂತಸ್ತಿಗೆ ಅಲ್ಲ. ಓಸಿ ಬೇಡ ಅಂದ್ರೆ ಪ್ಲಾನೂ ಬೇಡ ಅಂತ ಅರ್ಥ ಅಲ್ಲ.

ಇನ್ನೊಂದು ವಿಷಯ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಒಂದು ಕೇಸಿನಲ್ಲಿ ಇಡೀ ದೇಶಕ್ಕೆ ಅನ್ವಯಿಸೋ ಸೂಚನೆ ಕೊಟ್ಟಿದೆ. ಕಟ್ಟಡ ಕಟ್ಟುವಷ್ಟು ದಿನವೂ ಮಂಜೂರಾದ ಪ್ಲಾನನ್ನು ಸೈಟಿನಲ್ಲಿ ಕಾಣೋ ಹಾಗೆ ಹಾಕಿರಬೇಕು. ಅಧಿಕಾರಿಗಳು ಆಗಾಗ ಬಂದು ನೋಡಬೇಕು, ನೋಡಿದ್ದನ್ನು ದಾಖಲೆ ಮಾಡಿಡಬೇಕು. ಓಸಿ ಕೊಡೋ ಮೊದಲು ಖುದ್ದಾಗಿ ತಪಾಸಣೆ ಮಾಡಬೇಕು. ಅಂದರೆ ನಾವು ಉಪಕಾರ ಕೇಳುತ್ತಿಲ್ಲ. ಅವರು ಮಾಡಲೇಬೇಕಾದ ಕೆಲಸವನ್ನು ನೆನಪಿಸುತ್ತಿದ್ದೇವೆ.

ಜೊತೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದದೊಳಗೆ ಇರಬೇಕು, ವಿಷಯ ಒಂದೇ ಇರಬೇಕು. ಹಾಗಾಗಿ ಊರಿನ ಕಥೆ ಎಲ್ಲ ಬೇಡ. "ಈ ಸೈಟಿನ ಮಂಜೂರಾದ ಪ್ಲಾನ್ ಮತ್ತು ಇದುವರೆಗಿನ ತಪಾಸಣಾ ವರದಿಗಳ ಪ್ರತಿ" ಅಷ್ಟೇ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.

ಮನೆ 19, 2ನೇ ಕ್ರಾಸ್

ನಾನು ಬೇರೆ ಥರ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಂಜಿನಿಯರ್ ಬಂದರೆ ಅದೊಂದೇ ಮನೆ ನೋಡಿ ಹೋಗುತ್ತಾರಾ? ಮನೆ ಸುತ್ತ ಖಾಲಿ ಬಿಡಬೇಕಾದ ಜಾಗ ಇದೆಯಲ್ಲ, ನಮ್ಮ ಕಾರ್ ಶೆಡ್ ಆ ಸೆಟ್‌ಬ್ಯಾಕಿನಲ್ಲೇ ಇದೆ. ಅರ್ಧ ಬಡಾವಣೆ ಹಾಗೇ ಇದೆ. ನಾಳೆ ಎಲ್ಲರ ಗೇಟಿಗೂ ನೋಟಿಸ್ ಅಂಟಿಸಿದರೆ?

ಮನೆ 41, 3ನೇ ಕ್ರಾಸ್

ಬೇಜಾರೇನೂ ಇಲ್ಲ ಅಣ್ಣ. ನಮ್ಮ ಮನೆಯದನ್ನೇ ಹೇಳುತ್ತೇನೆ. ಹಿಂದುಗಡೆ ಬಟ್ಟೆ ಒಗೆಯೋ ಜಾಗಕ್ಕೆ ಶೀಟ್ ಹಾಕಿಸಿದ್ದೇವೆ. ಅದು ಕಾಂಪೌಂಡಿಗೆ ತಾಗಿದೆ. ಪ್ಲಾನಿನಲ್ಲಿ ಅದಿಲ್ಲ. ಬಂದವರು ಕೇಳಿದರೆ ಹೌದು ಅನ್ನುತ್ತೇನೆ, ತೆಗೆಯಿರಿ ಅಂದರೆ ತೆಗೆಸುತ್ತೇನೆ. ಆ ಭಯಕ್ಕೆ ಸುಮ್ನೆ ಕೂತರೆ ರಾತ್ರಿ ನಿದ್ದೆ ಹೇಗೆ ಬರುತ್ತೆ? ಆ ಗೋಡೆ ಪಕ್ಕ ಅತ್ತೆ ಮಲಗುತ್ತಿದ್ದರು. ಈಗ ಅವರನ್ನು ಹಾಲ್‌ನಲ್ಲಿ ಮಲಗಿಸುತ್ತಿದ್ದೇನೆ.

ಮನೆ 8, 1ನೇ ಕ್ರಾಸ್ (ವಕೀಲರು)

ನೋಟಿಸ್ ಅಂದ ಕೂಡಲೇ ಜೆಸಿಬಿ ಬರುತ್ತೆ ಅಂತ ಯಾರೂ ತಿಳಿಯಬೇಡಿ. ನಮ್ಮ ಕಾಯ್ದೆಯ 321ನೇ ಕಲಮಿನಲ್ಲಿ ಮೊದಲು ತಾತ್ಕಾಲಿಕ ಆದೇಶ ಬರುತ್ತೆ. ಆಮೇಲೆ ಮಾಲೀಕರು ಉತ್ತರ ಕೊಡೋಕೆ ಅವಕಾಶ ಇರುತ್ತೆ. ಅದನ್ನು ನೋಡಿ ಆದೇಶ ಖಾಯಂ ಮಾಡಬೇಕು. ಇದರ ಮೇಲೆ 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಕಟ್ಟಡ ಕೆಡವೋ ಮೊದಲು ಕನಿಷ್ಠ 15 ದಿನದ ನೋಟಿಸ್ ಕೊಡಬೇಕು, ಅವರ ಮಾತು ಕೇಳಬೇಕು, ಕೆಡವೋದನ್ನು ವಿಡಿಯೋ ಮಾಡಬೇಕು. ರಸ್ತೆ, ಫುಟ್‌ಪಾತ್ ಒತ್ತುವರಿಗೆ ಈ ರಕ್ಷಣೆ ಇಲ್ಲ.

ಮನೆ 52, 4ನೇ ಕ್ರಾಸ್ (ಟೀಚರ್)

ಹುಡುಗಿಯರನ್ನು ಯಾರಾದರೂ ಕೇಳಿದಿರಾ? ನಮ್ಮ ಮನೆಗೆ ಪಾಠಕ್ಕೆ ಸಹಾಯ ಕೇಳಿಕೊಂಡು ಅಲ್ಲಿನ ಇಬ್ಬರು ಬರುತ್ತಾರೆ. ನಿನ್ನೆ ಮೆಲ್ಲಗೆ ಕೇಳಿದೆ. ಕೆಲಸ ನಡೆಯೋವಾಗ ಮೇಲಿನ ಮಹಡಿಯ ಛಾವಣಿಯಿಂದ ಗಾರೆ ಉದುರುತ್ತಂತೆ, ಹಾಸಿಗೆ ಮೇಲೆ ಪ್ಲಾಸ್ಟಿಕ್ ಹಾಸಿಕೊಂಡು ಕಾಲೇಜಿಗೆ ಹೋಗುತ್ತಾರಂತೆ. ಮೆಟ್ಟಿಲು ಒಂದೇ. ಆ ಮೆಟ್ಟಿಲ ಕೆಳಗೇ ಅಡುಗೆಯ ನೀಲಿ ಸಿಲಿಂಡರ್ ಏಳು ಇಟ್ಟಿದ್ದಾರಂತೆ.

ಅವರಿಗೆ ಇರೋ ಹೆದರಿಕೆ ಕಟ್ಟಡದ್ದಲ್ಲ. "ಮಿಸ್, ಪರೀಕ್ಷೆ ಹೊತ್ತಿಗೆ ಖಾಲಿ ಮಾಡಿಸಿಬಿಟ್ಟರೆ ಎಲ್ಲಿಗೆ ಹೋಗೋದು? ಅಡ್ವಾನ್ಸ್ ವಾಪಸ್ ಕೊಡಲ್ಲ" ಅಂದರು. ದೂರು ಕೊಡೋ ಮೊದಲು ನಾವು ಇದನ್ನು ಯೋಚಿಸಬೇಕು. ಅವರು ದೂರದ ಹಳ್ಳಿಗಳಿಂದ ಬಂದಿರೋ ಮಕ್ಕಳು. ನಮ್ಮ ಅರ್ಜಿಯಿಂದ ಅವರು ಬೀದಿಗೆ ಬೀಳಬಾರದು.

ಮನೆ 12, 3ನೇ ಕ್ರಾಸ್ (ಇಂಜಿನಿಯರ್)

ಟೀಚರ್ ಹೇಳಿದ್ದು ಸರಿ. ಸಿಲಿಂಡರ್ ವಿಷಯ ಬಹಳ ಮುಖ್ಯ. ನೀಲಿ ಸಿಲಿಂಡರ್ 19 ಕೆಜಿಯದು. ಏಳು ಅಂದ್ರೆ 133 ಕೆಜಿ ಗ್ಯಾಸ್. 100 ಕೆಜಿ ದಾಟಿದರೆ ಪರವಾನಗಿ ಬೇಕು. ಇಳಿಯೋ ದಾರಿ ಒಂದೇ ಇದ್ದು, ಅಲ್ಲೇ ಗ್ಯಾಸ್ ಇದ್ದರೆ ಬೆಂಕಿ ಬಿದ್ದಾಗ ಮೇಲಿದ್ದವರಿಗೆ ದಾರಿಯೇ ಇಲ್ಲ. ಈ ಒಂದು ವಿಷಯವನ್ನು ಮಾಲೀಕರಿಗೆ ನಾನೇ ನಾಳೆ ಹೇಳುತ್ತೇನೆ. ಇದಕ್ಕೆ ನೋಟಿಸ್ ಕಾಯಬಾರದು.

ಮನೆ 41, 3ನೇ ಕ್ರಾಸ್ (ಸೋಮವಾರ)

ಟೀಚರ್, ನೀವು ಹೇಳಿದ ಮೇಲೆ ಅರ್ಜಿಯನ್ನು ತಿದ್ದಿದೆ. ಮೊದಲು "ಅಕ್ರಮ ಕಟ್ಟಡ ತೆರವು ಮಾಡಿ" ಅಂತ ಬರೆದಿದ್ದೆ. ಈಗ ಹೀಗಿದೆ:

"ಮೇಲಿನ ಹೊಸ ಅಂತಸ್ತಿನ ಕೆಲಸವನ್ನು ಕೂಡಲೇ ನಿಲ್ಲಿಸಬೇಕು. ಕಟ್ಟಡವನ್ನು ಒಳಗೂ ಹೊರಗೂ ತಪಾಸಣೆ ಮಾಡಿ, ಮಂಜೂರಾದ ಪ್ಲಾನಿನ ಜೊತೆ ಅಳತೆ ತಾಳೆ ನೋಡಬೇಕು. ಕಟ್ಟಡದ ಬಲವನ್ನು ಅರ್ಹ ಸ್ಟ್ರಕ್ಚರಲ್ ಇಂಜಿನಿಯರಿಂದ ಪರೀಕ್ಷೆ ಮಾಡಿಸಬೇಕು. ವಾಸವಿರುವ ವಿದ್ಯಾರ್ಥಿನಿಯರನ್ನು ಸ್ಥಳಾಂತರಿಸುವ ಅಗತ್ಯ ಬಂದರೆ ಅವರಿಗೆ ಸಮಯ ಕೊಡಬೇಕು, ಮುಂಗಡ ಹಣ ವಾಪಸ್ ಕೊಡಿಸಬೇಕು."

ಮುಂಗಡ ಕೊಡಿಸೋದು ಪಾಲಿಕೆಯ ಕೆಲಸ ಅಲ್ಲ ಅಂತ ವಕೀಲ ಸಾರ್ ಹೇಳಿದರು. ಗೊತ್ತು. ಆದರೂ ಬರೆದಿರಲಿ. ಓದುವವರ ಕಣ್ಣಿಗೆ ಆ ಮಕ್ಕಳು ಕಾಣಬೇಕು.

ಅರ್ಜಿ ಎರಡು ಪ್ರತಿ ಇರುತ್ತದೆ. ಸುಮ್ನೆ ಟೇಬಲ್ ಮೇಲೆ ಇಟ್ಟು ಬರೋದು ಬೇಡ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಮ್ಮ ಪ್ರತಿಗೆ ಸೀಲು, ತಾರೀಖು, ನಂಬರ್ ಹಾಕಿಸಿಕೊಳ್ಳಬೇಕು. ಸಹಿ ಹಾಕುವವರು ಇವತ್ತು ಸಂಜೆ ಏಳರಿಂದ ಎಂಟೂವರೆ ಒಳಗೆ ಗಣಪತಿ ದೇವಸ್ಥಾನದ ಕಟ್ಟೆ ಹತ್ತಿರ ಬನ್ನಿ.

ಮನೆ 33, 3ನೇ ಕ್ರಾಸ್ (ಮಂಗಳವಾರ)

ನಿನ್ನೆ 38 ಸಹಿ ಆಯಿತು. ಇವತ್ತು ಬೆಳಿಗ್ಗೆ ನಾನು, ವಕೀಲ ಸಾರ್, ಟೀಚರ್ ಮೂರು ಜನ ಹೋಗಿ ಕೊಟ್ಟು ಬಂದೆವು. ಸೀಲ್ ಆದ ಪ್ರತಿಯ ಫೋಟೋ ಹಾಕಿದ್ದೇನೆ. ಅಲ್ಲಿದ್ದ ಇಂಜಿನಿಯರ್ ಚಿಕ್ಕ ವಯಸ್ಸಿನವರು. ಬಿರುಕಿನ ಫೋಟೋದಲ್ಲಿದ್ದ ಪೆನ್ಸಿಲ್ ಗೆರೆ, ತಾರೀಖು ನೋಡಿ "ಇದನ್ನು ಅಳಿಸಬೇಡಿ" ಅಂದರು.

ಮನೆ 12, 3ನೇ ಕ್ರಾಸ್ (ಇಂಜಿನಿಯರ್)

ಸಿಲಿಂಡರ್ ಹೊರಗೆ ಹೋಯಿತು. ಮಾಲೀಕರು ಮೊದಲು ಸಿಟ್ಟಾದರು, ಆಮೇಲೆ ಹಿಂದಿನ ಶೆಡ್ಡಿಗೆ ಸಾಗಿಸಿದರು. ಈಗ ನಾಲ್ಕೇ ಇವೆ.

ಮನೆ 41, 3ನೇ ಕ್ರಾಸ್ (ಗುರುವಾರ ಬೆಳಿಗ್ಗೆ)

ಪಿಜಿ ಗೇಟಿಗೆ ನೋಟಿಸ್ ಅಂಟಿಸಿದ್ದಾರೆ. ನಾಳೆ ಶುಕ್ರವಾರ ಬೆಳಿಗ್ಗೆ 11 ಗಂಟೆಗೆ ತಪಾಸಣೆ. ಮೇಲಿನ ಕೆಲಸ ಇವತ್ತು ನಿಂತಿದೆ.

ದಯವಿಟ್ಟು ಗುಂಪು ಕಟ್ಟಿಕೊಂಡು ಬರಬೇಡಿ. ಅಳತೆ ತೆಗೆಯೋರಿಗೆ ತೊಂದರೆ, ಹುಡುಗಿಯರಿಗೆ ಮುಜುಗರ. ವಕೀಲ ಸಾರ್ ಮತ್ತು 12ನೇ ಮನೆ ಸಾರ್ ಇಬ್ಬರು ಸಾಕು, ಅವರೂ ಗೇಟಿನ ಹೊರಗೇ ನಿಲ್ಲುತ್ತಾರೆ. ಮಹಜರಿಗೆ (ಸ್ಥಳದಲ್ಲಿ ಕಂಡದ್ದನ್ನು ಬರೆದುಕೊಳ್ಳೋ ದಾಖಲೆಗೆ) ಸಾಕ್ಷಿ ಸಹಿ ಕೇಳಿದರೆ, ಓದಿ ನೋಡಿ ಹಾಕುತ್ತಾರೆ. ಟೀಚರ್ ಆ ಹೊತ್ತಿಗೆ ಹುಡುಗಿಯರನ್ನು ತಮ್ಮ ಮನೆಗೆ ಕಾಫಿಗೆ ಕರೆದಿದ್ದಾರೆ.

ಬಿರುಕನ್ನು ಒಳಗಿನಿಂದ ನೋಡಬೇಕಲ್ಲ. ನಮ್ಮ ಮನೆ ಬಾಗಿಲು ಬೆಳಿಗ್ಗೆಯಿಂದ ತೆರೆದೇ ಇರುತ್ತೆ.

ಮನೆ 19, 2ನೇ ಕ್ರಾಸ್

ಅಮ್ಮ, 38ರಲ್ಲಿ ನನ್ನ ಸಹಿ ಇರಲಿಲ್ಲ. ಇನ್ನೊಂದು ಪ್ರತಿ ಇದ್ದರೆ ಹಾಕುತ್ತೇನೆ. ಮೇಲಿನ ಮೂಲೆ ಅಳೆಯೋಕೆ ಏಣಿ ಬೇಕಾಗುತ್ತೆ, ನಮ್ಮ ಹತ್ತಿರ ಇಪ್ಪತ್ತು ಅಡಿಯದು ಇದೆ. ಹತ್ತೂವರೆಗೆ ತಂದು ನಿಮ್ಮ ಕಾಂಪೌಂಡಿಗೆ ಒರಗಿಸಿ ಹೋಗುತ್ತೇನೆ.